ಕಿಕಿಂಗ್ ಸ್ಟ್ರಾಪ್‌ನಲ್ಲಿ ಇಲಾಸ್ಟಿಕ್: ನಿಯಮಕ್ಕೆ ಒಪ್ಪುತ್ತದೆಯೇ?

ನೀರುಕೋಳಿ: ನಮ್ಮ ಕ್ಲಬ್ಬಿನ, ರೇಡಿಯೊದಿಂದ ನಡೆಸುವ ಮಾದರಿ ಹಾಯಿದೋಣಿಗಳಿಗೆ ನಾವೇ ಬರೆದುಕೊಂಡ ಕ್ಲಾಸ್ ನಿಯಮವಿದೆ, ಅಂದರೆ ದೋಣಿ ಹೇಗಿರಬೇಕು ಎಂಬ ಕಟ್ಟಳೆ. ಅನುಮತಿ ಬರೆದಿಲ್ಲದಿದ್ದರೆ ನಿಷಿದ್ಧ ಎಂಬ ಮುಚ್ಚಿದ ಬಗೆಯದು. ರಿಗ್ (ಮಾಸ್ಟ್ ಎಂಬ ಹಾಯಿಕಂಬ, ಹಾಯಿ, ಹುರಿಗಳ ಜೋಡಣೆ) ಭಾಗದಲ್ಲಿ ಇರುವ ಸಾಲು: ‘ಬೂಮಿಗೆ ಒಂದು ಕಿಕಿಂಗ್ ಸ್ಟ್ರಾಪ್. ವಸ್ತು ಐಚ್ಛಿಕ.’ ಬೂಮ್ ಎಂದರೆ ಮುಖ್ಯ ಹಾಯಿಯ ಕೆಳಅಂಚಿನ ಅಡ್ಡಕೋಲು; ಅದು ಮೇಲೇಳದಂತೆ ಕೆಳಕ್ಕೆ ಎಳೆದು ಹಿಡಿಯುವ ಹುರಿಯೇ ಕಿಕಿಂಗ್ ಸ್ಟ್ರಾಪ್. ನಾನು ಆ ಹುರಿಯ ನಡುವೆ 3 ಸೆಂಟಿಮೀಟರ್ ಇಲಾಸ್ಟಿಕ್ ಕಟ್ಟಿದ್ದೇನೆ. ಗಾಳಿ ಜೋರಾಗಿ ಬೀಸಿದಾಗ ಬೂಮ್ ತುಸು ಮೇಲೇಳುತ್ತದೆ, ಮುಖ್ಯ ಹಾಯಿಯ ಹಿಂದಿನ ಅಂಚು ಮೇಲ್ಭಾಗದಲ್ಲಿ ತೆರೆದುಕೊಂಡು ಹೆಚ್ಚಿನ ಗಾಳಿ ಜಾರಿಹೋಗುತ್ತದೆ, ದೋಣಿ ಅಷ್ಟಾಗಿ ವಾಲುವುದಿಲ್ಲ. ಇದು ತಪ್ಪೇ?

ಓರೆಗಾಳಿ: ತಪ್ಪೇನಿದೆ? ವಸ್ತು ಐಚ್ಛಿಕ ಎಂದ ಮೇಲೆ ರಬ್ಬರೂ ಒಂದು ವಸ್ತುವೇ.

ಹಳೆಯ ಚುಕ್ಕಾಣಿ: ಸ್ವಾಮಿ, ಅನುಮತಿ ಕೊಟ್ಟಿರುವುದು ಸ್ಟ್ರಾಪ್‌ಗೆ. ನೀವು ಕಟ್ಟಿರುವುದು ಸ್ಪ್ರಿಂಗ್. ರೇಡಿಯೊದಿಂದ ಚುಕ್ಕಾಣಿ ಮತ್ತು ಶೀಟ್ (ಹಾಯಿಯನ್ನು ಒಳಗೆಳೆದು ಹೊರಬಿಡುವ ಹುರಿ), ಇವೆರಡನ್ನೇ ಆಡಿಸಬೇಕು ಎಂದು ನಾವು ಕಟ್ಟುಮಾಡಿಕೊಂಡಿರುವಾಗ, ಗಾಳಿಯ ಕೈಗೆ ಮೂರನೆಯ ನಿಯಂತ್ರಣ ಕೊಟ್ಟಂತಾಯಿತು. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಬುದ್ಧಿ ಇದು.

ಓರೆಗಾಳಿ: ಗಾಳಿಗೆ ಮಾಸ್ಟ್ ಬಾಗುವುದಿಲ್ಲವೇ? ಅದನ್ನೂ ನಿಷೇಧಿಸುತ್ತೀರಾ? ಹಿಗ್ಗದ ಹುರಿ ಲೋಕದಲ್ಲೇ ಇಲ್ಲ. ನೈಲಾನ್ ಸಾಕಷ್ಟು ಹಿಗ್ಗುತ್ತದೆ, ಡೈನೀಮಾ ಎಂಬ ಗಟ್ಟಿ ನಾರಿನ ಹುರಿ ಬಹಳ ಕಡಿಮೆ. ಎಷ್ಟು ಹಿಗ್ಗಿದರೆ ಹುರಿ, ಎಷ್ಟು ಹಿಗ್ಗಿದರೆ ಸ್ಪ್ರಿಂಗ್, ಹೇಳಿ ನೋಡೋಣ.

ಅಳತೆಪಟ್ಟಿ: ಕೆಲವು ವರ್ಷ ದೋಣಿಗಳನ್ನು ಅಳೆದವನಾಗಿ ಒಂದೆರಡು ಮಾತು. ಮೊದಲು ಕ್ಲಾಸಿನ ಸ್ವಭಾವ ನೋಡಬೇಕು. ಮಾರ್ಬಲ್‌ಹೆಡ್ ಎಂಬ ರೇಡಿಯೊ ದೋಣಿಗಳ ಕ್ಲಾಸಿನಲ್ಲಿ ಕಾರ್ಬನ್ ಮಾಸ್ಟ್, ಜಿಬ್ ಎಂಬ ಮುಂದಿನ ಹಾಯಿ ಸಮೇತ ಇಡೀ ರಿಗ್ಗೇ ತಿರುಗುವ ಸ್ವಿಂಗ್ ರಿಗ್, ಎಲ್ಲವೂ ಓಡುತ್ತವೆ. ಅಲ್ಲಿ ಈ ಪ್ರಶ್ನೆ ಏಳುವುದೇ ಕಷ್ಟ. ಇಂಟರ್‌ನ್ಯಾಷನಲ್ ಒನ್ ಮೀಟರ್ ಕ್ಲಾಸ್ ಹಾಗಲ್ಲ: ಕನಿಷ್ಠ 4 ಕಿಲೊ ತೂಕ, ಗೊತ್ತಾದ ಅಳತೆಯ ಮೂರು ರಿಗ್‌ಗಳು, ಮಾಸ್ಟ್‌ಗೆ ಕಾರ್ಬನ್ ಕೂಡದು. ನಿಮ್ಮದು ಈ ಎರಡನೆಯ ಜಾತಿ. ಇಲ್ಲಿ ‘ಬೇಡ ಎಂದು ಎಲ್ಲಿ ಬರೆದಿದೆ?’ ಎಂಬ ವಾದ ನಿಲ್ಲುವುದಿಲ್ಲ.

ಆದರೆ ನಿಮ್ಮ ನಿಯಮದಲ್ಲಿ ಅನುಮತಿಯೊಂದು ಇದ್ದೇ ಇದೆ. ಜಗಳ ಅದರ ವ್ಯಾಪ್ತಿಯ ಬಗ್ಗೆ. ಹಾಯಿದೋಣಿ ಕ್ರೀಡೆಯ ಜಾಗತಿಕ ಸಂಸ್ಥೆ ವರ್ಲ್ಡ್ ಸೈಲಿಂಗ್ ಪ್ರಕಟಿಸುವ ಸಲಕರಣೆ ನಿಯಮಗಳಲ್ಲಿ ಮಾಸ್ಟಿಗೆ ಆಸರೆಯಾಗಿ ಅದನ್ನು ನಿಲ್ಲಿಸುವುದು ಸ್ಟ್ಯಾಂಡಿಂಗ್ ರಿಗಿಂಗ್; ಮುಖ್ಯವಾಗಿ ಬೂಮಿನಂತಹ ಸ್ಪಾರ್ (ಹಾಯಿ ಹಿಡಿಯುವ ಕೋಲು) ಅನ್ನೋ ಹಾಯಿಯನ್ನೋ ಸರಿಹೊಂದಿಸಲು ಬಳಸುವುದು ರನ್ನಿಂಗ್ ರಿಗಿಂಗ್. ಕಿಕಿಂಗ್ ಸ್ಟ್ರಾಪ್ ಎರಡನೆಯದು. ಹಾಗಾಗಿ ಅದು ಬೂಮಿನ ಸ್ಥಿತಿ ಬದಲಿಸುತ್ತದೆ ಎಂಬುದೇ ಆಕ್ಷೇಪವಾಗಲಾರದು, ಅದು ಇರುವುದೇ ಅದಕ್ಕೆ. ನನಗೆ ಕಾಡುವುದು ‘ಒಂದು’ ಎಂಬ ಪದ. ಹುರಿ, ಗಂಟು, ಇಲಾಸ್ಟಿಕ್, ಮತ್ತೆ ಗಂಟು, ಮತ್ತೆ ಹುರಿ: ಇದು ಒಂದು ಸ್ಟ್ರಾಪೋ, ಅಥವಾ ಸ್ಟ್ರಾಪ್ ಜೊತೆಗೆ ಅನುಮತಿಯಿಲ್ಲದ ಇನ್ನೊಂದು ಸಾಧನವೋ? ನನ್ನ ಒಲವು ಎರಡನೆಯದರ ಕಡೆಗೆ.

ಹಳೆಯ ಚುಕ್ಕಾಣಿ: ನಿಯಮ ಬರೆದಾಗ ನಾನೂ ಆ ಸಭೆಯಲ್ಲಿದ್ದೆ. ಇಲಾಸ್ಟಿಕ್ ನಮ್ಮ ತಲೆಯಲ್ಲೇ ಇರಲಿಲ್ಲ.

ಅಳತೆಪಟ್ಟಿ: ನಿಮ್ಮ ತಲೆಯಲ್ಲಿ ಏನಿತ್ತು ಎಂಬುದನ್ನು ನಾನು ಕ್ಯಾಲಿಪರ್ ಹಿಡಿದು ಅಳೆಯಲಾರೆ. ಕಾಗದದ ಮೇಲೆ ಇರುವುದಷ್ಟೇ ನನಗೆ ಲೆಕ್ಕ.

ನೀರುಕೋಳಿ: ಹಾಗಾದರೆ ಇಡೀ ಸ್ಟ್ರಾಪನ್ನೇ ಒಂದೇ ತುಂಡು ಇಲಾಸ್ಟಿಕ್‌ನಿಂದ ಮಾಡಿದರೆ? ಗಂಟೂ ಇಲ್ಲ, ಎರಡನೆಯ ವಸ್ತುವೂ ಇಲ್ಲ.

ಓರೆಗಾಳಿ: ಈಗ ಸಿಕ್ಕಿಬಿದ್ದರು!

ಅಳತೆಪಟ್ಟಿ: ಸಿಕ್ಕಿಬಿದ್ದೆ, ಒಪ್ಪುತ್ತೇನೆ. ಆ ರೂಪದಲ್ಲಿ ತಂದರೆ ತಡೆಯಲು ನನ್ನ ಬಳಿ ಸಾಲಿಲ್ಲ. ಆದರೆ ತೀರ್ಪು ನಮ್ಮದಲ್ಲ. ಯಾರಾದರೂ ಪ್ರತಿಭಟನೆ ಸಲ್ಲಿಸಿ, ನಿಯಮದ ಅರ್ಥದಲ್ಲಿ ಪಂಚಾಯಿತಿ ನಡೆಸುವ ಸಮಿತಿಗೇ ಅನುಮಾನ ಬಂದರೆ, ಅದು ನಿಯಮವನ್ನು ಅರ್ಥೈಸುವ ಅಧಿಕಾರ ಇರುವವರಿಗೆ ಪ್ರಶ್ನೆಯನ್ನು ಕಳುಹಿಸಬೇಕು. ಬಂದ ಉತ್ತರಕ್ಕೆ ಬದ್ಧವಾಗಿರಬೇಕು. ರೇಸಿನ ಮೊದಲೇ ನೀವೇ ಕೇಳಿಬಿಡುವುದು ಒಳ್ಳೆಯದು. ದೋಣಿಯನ್ನು ನಿಯಮಕ್ಕೆ ಸರಿಯಾಗಿ ಇಡುವ ಹೊಣೆ ನಿಮ್ಮದೇ, ನನ್ನ ಸಹಿ ನಿಮ್ಮನ್ನು ಕಾಯುವುದಿಲ್ಲ.

ಹಳೆಯ ಚುಕ್ಕಾಣಿ: ಬರೆಯಿರಿ. ‘ಹಿಗ್ಗದ’ ಎಂದು ಸೇರಿಸಬೇಕೆಂದು ನಾನೂ ಬರೆಯುತ್ತೇನೆ.

ಓರೆಗಾಳಿ: ಸೇರಿಸಿ. ಆಮೇಲೆ ನಿಮ್ಮ ನೈಲಾನ್ ಹುರಿಯನ್ನು ಮೊದಲು ಬಿಚ್ಚಿಸುತ್ತೇನೆ.

ನೀರುಕೋಳಿ: ಎರಡೂ ರೂಪಗಳ ಚಿತ್ರ ಬರೆದು ಇಂದೇ ಕಳುಹಿಸುತ್ತೇನೆ. ಉತ್ತರ ಬರುವವರೆಗೆ ಹಳೆಯ ಹುರಿಯನ್ನೇ ಕಟ್ಟುತ್ತೇನೆ. ಮೊನ್ನೆಯ ಗಾಳಿಯಲ್ಲಿ ಇಲಾಸ್ಟಿಕ್ ಗಂಟು ಎರಡು ಸಲ ಜಾರಿತ್ತು, ಅದನ್ನು ಮೊದಲು ಹೇಳಿರಲಿಲ್ಲ.