ಮ್ಯಾಪಲ್ಲಿ ಕೆಂಪು, ಮಗಳ ಊರಲ್ಲಿ ಮೈನಸ್ 18

ಪ್ರಶ್ನೆ (ಪುಣೆಯ ಕೋಥ್ರೂಡ್): ನಮಸ್ಕಾರ್ರಿ ಸರ, ನೀವು ಹವಾಮಾನ ಕೆಲಸದಾಗ ಇದ್ದವರು ಅಂತ ಗ್ರೂಪಿನ್ಯಾಗ ಗೊತ್ತಾತು, ಅದಕ್ಕ ಕೇಳಾಕತ್ತೀನಿ. ಮಗಳು ಫಿನ್ಲೆಂಡಿನ್ಯಾಗ ಓದಾಕತ್ತಾಳ. ಹೋದ ತಿಂಗಳದ್ದು ಅಂತ ಒಂದು ಮ್ಯಾಪ್ ಕಳಿಸ್ಯಾಳ, ಆಕಿ ಊರಿನ ಮ್ಯಾಲೆ ಕಡುಕೆಂಪು ಐತಿ. ಆದ್ರ ಅದೇ ತಿಂಗಳು ಫೋನ್ ಮಾಡಿದಾಗ 'ಯವ್ವಾ ಮೈನಸ್ 18 ಐತಿ, ಮೂಗು ಉದುರಿ ಬೀಳತೈತಿ' ಅಂದಿದ್ಲು. ಹಂಗಾರ ಮ್ಯಾಪ್ ಸುಳ್ಳೇನ್ರಿ? ಬಾಜೂಕ 500 ಅಂತ ಬರದ ಗೆರಿ ಗೆರಿ ಮ್ಯಾಪ್ ಇನ್ನೊಂದೈತಿ, ಅದಂತೂ ತಲೀಗೆ ಹೋಗವಲ್ದು.

ಉತ್ತರ: ಮ್ಯಾಪೂ ಸುಳ್ಳಲ್ಲ ಅಕ್ಕಾ, ಮಗಳೂ ಸುಳ್ಳು ಹೇಳ್ತಿಲ್ಲ. ಆ ಬಣ್ಣ ಟೆಂಪರೇಚರ್‌ದಲ್ಲ, ಅನಾಮಲಿದು, ಅಂದ್ರೆ ವಾಡಿಕೆಗಿಂತ ಎಷ್ಟು ಹೆಚ್ಚು ಎಷ್ಟು ಕಮ್ಮಿ ಅನ್ನೋದು. ವಾಡಿಕೆ ಅಂದ್ರೆ ಈಗ ಸಾಮಾನ್ಯವಾಗಿ 1991ರಿಂದ 2020ರ ತನಕದ 30 ವರ್ಷದ ಸರಾಸರಿ. ಅವಳ ಊರಲ್ಲಿ ಆ ತಿಂಗಳ ವಾಡಿಕೆ ಮೈನಸ್ 9 ಅಂದ್ಕೊಳ್ಳಿ, ಈ ಸಲ ಸರಾಸರಿ ಮೈನಸ್ 4 ಆಗಿದ್ರೆ 5 ಡಿಗ್ರಿ ಹೆಚ್ಚಾಯ್ತಲ್ಲ, ಕಡುಕೆಂಪೇ ಬರ್ಬೇಕು. ಇನ್ನು ಮೈನಸ್ 18 ಒಂದು ದಿನದ್ದು, ಮ್ಯಾಪ್ ಇಡೀ ತಿಂಗಳದ್ದು. ಮೊದಲ ಹದಿನೈದು ದಿನ 6 ಡಿಗ್ರಿ ಜಾಸ್ತಿ, ಆಮೇಲಿನ ಹದಿನೈದು ದಿನ 6 ಡಿಗ್ರಿ ಕಮ್ಮಿ ಆದ್ರೆ ಮ್ಯಾಪಲ್ಲಿ ಬಿಳಿ ಬರುತ್ತೆ, ಏನೂ ಆಗೇ ಇಲ್ಲ ಅನ್ನೋ ಹಾಗೆ!

ನೇರವಾಗಿ ಟೆಂಪರೇಚರ್ ಯಾಕೆ ಹಾಕಲ್ಲ ಅಂದ್ರೆ, ಪುಣೆ ಸುಮಾರು 560 ಮೀಟರ್ ಎತ್ತರ, ಮಹಾಬಳೇಶ್ವರ 1300ಕ್ಕೂ ಮೇಲೆ, ಎರಡನ್ನೂ ಹಾಗೇ ಹಾಕಿದ್ರೆ ಮ್ಯಾಪಲ್ಲಿ ಗುಡ್ಡ ಕಾಣುತ್ತೆ, ಹವೆ ಕಾಣಲ್ಲ. ಆದ್ರೆ ಪುಣೆ ವಾಡಿಕೆಗಿಂತ ಎರಡು ಡಿಗ್ರಿ ತಣ್ಣಗಿದ್ದ ತಿಂಗಳು ಸಾಮಾನ್ಯವಾಗಿ ಮಹಾಬಳೇಶ್ವರನೂ ಹೆಚ್ಚುಕಮ್ಮಿ ಅಷ್ಟೇ ತಣ್ಣಗಿರುತ್ತೆ.

ಈಗ ಗೆರೆ ಮ್ಯಾಪು. ನಾನಂತೂ ಮೊದ್ಲು ನೋಡೋದೇ ಇದನ್ನ, ಬಣ್ಣ ಎಲ್ಲಾ ಆಮೇಲೆ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 1013 ಹೆಕ್ಟೊಪಾಸ್ಕಲ್ (ಒತ್ತಡ ಅಳೆಯೋ ಮಾನ), ಮೇಲೆ ಹೋಗ್ತಾ ಹೋಗ್ತಾ ಅದು 500ಕ್ಕೆ ಇಳಿಯೋದು ಎಷ್ಟು ಎತ್ತರದಲ್ಲಿ ಅಂತ ಆ ಗೆರೆ ಹೇಳುತ್ತೆ, ಸುಮಾರು ಐದೂವರೆ ಕಿಲೋಮೀಟರ್. ಕೆಳಗಿನ ಹವೆ ಬೆಚ್ಚಗಿದ್ರೆ ಪೂರಿ ಥರ ಉಬ್ಬಿ ಆ ಮಟ್ಟ ಮೇಲಕ್ಕೆ ಹೋಗುತ್ತೆ, ತಣ್ಣಗಿದ್ರೆ ಕುಗ್ಗುತ್ತೆ. ಉಷ್ಣವಲಯದ ಆಚೆ ಅಷ್ಟು ಎತ್ತರದಲ್ಲಿ ಗಾಳಿ ಹೆಚ್ಚುಕಮ್ಮಿ ಈ ಗೆರೆ ಹಿಡ್ಕೊಂಡೇ ಪಶ್ಚಿಮದಿಂದ ಪೂರ್ವಕ್ಕೆ ಹಾವಿನ ಥರ ಹೋಗುತ್ತೆ. ಉತ್ತರ ಗೋಳಾರ್ಧದಲ್ಲಿ ಗೆರೆ ಮ್ಯಾಪಲ್ಲಿ ಕೆಳಗೆ, ಅಂದ್ರೆ ದಕ್ಷಿಣಕ್ಕೆ, ಜೋತುಬಿದ್ದ ಜಾಗದ ಪೂರ್ವಕ್ಕೆ ದಕ್ಷಿಣದ ಬಿಸಿ ಹಸಿ ಹವೆ ಮತ್ತು ಮಳೆ, ಪಶ್ಚಿಮಕ್ಕೆ ಉತ್ತರದ ಚಳಿ. ಆ ಹಾವು ಒಂದೇ ಕಡೆ ಸುರುಳಿ ಸುತ್ತಿ ಕೂತ್ರೆ ಕಷ್ಟ. 2010ರ ಜುಲೈ, ಆಗಸ್ಟಲ್ಲಿ ರಷ್ಯಾದ ಪಶ್ಚಿಮ ಭಾಗದ ಮೇಲೆ ಗೆರೆ ಉತ್ತರಕ್ಕೆ ಬಾಗಿದ ಬಿಸಿ ಹವೆಯ ಉಬ್ಬು ವಾರಗಟ್ಟಲೆ ಕದಲಲಿಲ್ಲ, ಮಾಸ್ಕೋ 38 ಡಿಗ್ರಿ ದಾಟ್ತು, ಅದರ ಪೂರ್ವಕ್ಕೆ ಜೋತುಬಿದ್ದ ತಗ್ಗು ಮಾನ್ಸೂನಿನ ತೇವದ ಜೊತೆ ಸೇರಿ ಪಾಕಿಸ್ತಾನದಲ್ಲಿ ಮಹಾ ಪ್ರವಾಹ.

ಪ್ರಶ್ನೆ (ಪಿಂಪ್ರಿ): ಸರ್ ಇದೆಲ್ಲ ಯುರೋಪಿಂದು, ಪುಣೆಯಲ್ಲಿರೋ ನಮಗೇನು?

ಉತ್ತರ: ಚಳಿಗಾಲದಲ್ಲಿ ಆ ಪಶ್ಚಿಮದ ಗಾಳಿ ಉತ್ತರ ಭಾರತದ ತನಕ ಇಳಿದು ವೆಸ್ಟರ್ನ್ ಡಿಸ್ಟರ್ಬೆನ್ಸ್‌ಗಳನ್ನ, ಅಂದ್ರೆ ಪಶ್ಚಿಮದಿಂದ ಬರೋ ಮಳೆ, ಹಿಮದ ವ್ಯವಸ್ಥೆಗಳನ್ನ ತರುತ್ತೆ, ಒಂದು ದಾಟಿ ಹೋದ್ಮೇಲೆ ಉತ್ತರದ ಒಣಗಾಳಿ ನಮ್ಮ ಕಡೆಗೂ ನುಗ್ಗಿದ್ರೆ ಇಲ್ಲಿ ಪಾಷಾಣ್ ಏರಿಯಾದಲ್ಲಿ ಬೆಳಿಗ್ಗೆ ವಾಕಿಂಗ್ ಹೋಗೋರು ಕಿವಿಗೆ ಟೋಪಿ ಎಳ್ಕೊಳ್ತಾರೆ.

ಇನ್ನೊಂದು ನಂಟು ಇದೆ. ಶಿವಾಜಿನಗರದ 'ಸಿಮ್ಲಾ ಆಫೀಸ್' ಗೊತ್ತಲ್ಲ, ಭಾರತದ ಹವಾಮಾನ ಇಲಾಖೆಯ ಆಗಿನ ಮುಖ್ಯ ಕಚೇರಿ 1928ರಲ್ಲಿ ಸಿಮ್ಲಾದಿಂದ ಇಲ್ಲಿಗೆ ಬಂತು, ಹೆಸರು ಉಳ್ಕೊಂತು. ಅದೇ ಇಲಾಖೆಯನ್ನ 1904ರಿಂದ 1924ರ ತನಕ ನಡೆಸಿದ ಗಿಲ್ಬರ್ಟ್ ವಾಕರ್ ನಮ್ಮ ಮಾನ್ಸೂನನ್ನ ಮೊದಲೇ ಹೇಳೋಕೆ ಹೊರಟು ಪ್ರಪಂಚದ ಅಂಕಿಗಳನ್ನೆಲ್ಲ ತಾಳೆ ನೋಡಿದ್ರು, ಆ ಕೆಲಸದಲ್ಲೇ ಸಿಕ್ಕಿದ್ದು ನಾರ್ತ್ ಅಟ್ಲಾಂಟಿಕ್ ಆಸಿಲೇಶನ್, ಅಂದ್ರೆ ಉತ್ತರ ಅಟ್ಲಾಂಟಿಕ್ ಮೇಲಿನ ಒತ್ತಡದ ತೂಗಾಟ. (ಪಾಪ, ಕಚೇರಿ ಇಲ್ಲಿಗೆ ಬರೋ ಮೊದ್ಲೇ ರಿಟೈರ್ ಆಗಿದ್ರು.) ಐಸ್‌ಲ್ಯಾಂಡ್ ಹತ್ತಿರದ ಕಮ್ಮಿ ಒತ್ತಡಕ್ಕೂ ಅದರ ದಕ್ಷಿಣಕ್ಕೆ ಅಜೋರ್ಸ್ ದ್ವೀಪಗಳ ಹತ್ತಿರದ ಹೆಚ್ಚು ಒತ್ತಡಕ್ಕೂ ಅಂತರ ಜಾಸ್ತಿ ಇದ್ರೆ ಪಶ್ಚಿಮದ ಗಾಳಿ ಜೋರು, ಉತ್ತರ ಯುರೋಪ್ ಬೆಚ್ಚಗೆ ಒದ್ದೆ, ಸ್ಪೇನ್ ಕಡೆ ಒಣ. ಅಂತರ ಕಮ್ಮಿಯಾದ್ರೆ ಉಲ್ಟಾ. ಅಕ್ಕನ ಮ್ಯಾಪಿನ ಕೆಂಪಿಗೂ ಬಹುಶಃ ಇದೇ ಕಾರಣ, ಮಗಳ್ನ ಕೇಳಿ, ಗಾಳಿ ಎತ್ತಲಿಂದ ಬೀಸ್ತಿತ್ತು ಅಂತ.

ಪ್ರಶ್ನೆ (ಪಿಂಪ್ರಿ): ಮಳೆ ಮ್ಯಾಪಲ್ಲಿ ಒಂದ್ಕಡೆ 600 ಪರ್ಸೆಂಟ್ ಅಂತ ನೋಡಿದೆ, ಪ್ರಳಯನಾ?

ಉತ್ತರ: ಪರ್ಸೆಂಟ್ ನೋಡಿ ಹೆದರ್ಬೇಡಿ, ಮಿಲಿಮೀಟರ್ ನೋಡಿ. ವಾಡಿಕೆ 1 ಮಿಲಿಮೀಟರ್ ಇರೋ ಒಣ ತಿಂಗಳಲ್ಲಿ 6 ಬಿದ್ರೂ ವಾಡಿಕೆಯ 600 ಪರ್ಸೆಂಟೇ, ಒಣಗಾಕಿದ ಹಪ್ಪಳ ನೆನೆಯುತ್ತೆ ಅಷ್ಟೇ. ಅದೇ ಲೋಣಾವಳದಲ್ಲಿ ಜುಲೈಲಿ 20 ಪರ್ಸೆಂಟ್ ಜಾಸ್ತಿ ಅಂದ್ರೆ ನೂರಾರು ಮಿಲಿಮೀಟರ್.

(ಕೋಥ್ರೂಡ್): ಸರ, ಮಗಳಿಗೆ ಕೇಳಿದ್ನಿ. ಮೊದಲನೇ ವಾರ ಅಷ್ಟ ಮೈನಸ್ 18 ಇತ್ತಂತ, ಆಮ್ಯಾಲೆ ನೈಋತ್ಯದ ಗಾಳಿ ಬಿಟ್ಟು ಹಿಮಾ ಕರಗಿ ರಸ್ತೆ ತುಂಬ ರಾಡಿ ಆಗಿತ್ತಂತ. ಬೂಟ್ ಹಾಳಾಗ್ಯಾವು, ರೊಕ್ಕಾ ಕಳಸು ಅಂದ್ಲು.