35 ಸಾವಿರದೊಳಗೆ ಗ್ರಾಫಿಕ್ಸ್ ಕಾರ್ಡ್: 8 ಜಿಬಿ ಸಾಕಾ, 16 ಜಿಬಿಗೆ ಹೋಗಬೇಕಾ?

ವಿದ್ಯಾನಗರ_144

ಎಲ್ಲರಿಗೂ ನಮಸ್ಕಾರ, ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಪಿಸಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕು. ಈಗ ಇರುವುದು ಜಿಟಿಎಕ್ಸ್ 1650, 4 ಜಿಬಿ ಮೆಮೊರಿಯದು. ವ್ಯಾಲೊರೆಂಟ್ ಆಟ ಚೆನ್ನಾಗಿಯೇ ಓಡುತ್ತದೆ, ಆದರೆ ಸೈಬರ್‌ಪಂಕ್ 2077 ಹಾಕಿದರೆ ಸೆಟ್ಟಿಂಗ್ ಎಲ್ಲ ಕೆಳಗಿಳಿಸಿದರೂ ಪೇಟೆಯೊಳಗೆ ಗಾಡಿ ಓಡಿಸುವಾಗ ತಡವರಿಸುತ್ತದೆ.

ರೈಜೆನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, 24 ಇಂಚಿನ 1080ಪಿ 144 ಹರ್ಟ್ಜ್ ಮಾನಿಟರ್ ಇದೆ. ಪವರ್ ಸಪ್ಲೈ 450 ವ್ಯಾಟ್, ಪಿಸಿ ಜೋಡಿಸುವಾಗ ಅಂಗಡಿಯವರೇ ಹಾಕಿದ್ದು, ಕಂಪನಿ ಹೆಸರು ಕೇಳಿದ್ದಲ್ಲ. 600 ವಿಎ ಯುಪಿಎಸ್ ಇದೆ. ಬಜೆಟ್ 35 ಸಾವಿರ, ತುಂಬಾ ಎಳೆದರೆ ಇನ್ನೊಂದೆರಡು ಸಾವಿರ.

ನೋಡಿಟ್ಟುಕೊಂಡಿರುವುದು ಎನ್ವಿಡಿಯಾದ ಆರ್‌ಟಿಎಕ್ಸ್ 4060, ಆರ್‌ಟಿಎಕ್ಸ್ 5060, ಇಂಟೆಲ್ ಆರ್ಕ್ ಬಿ580, ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ. ಗೆಳೆಯರು 4060 ಅಂತಾರೆ. ವಿಡಿಯೋ ನೋಡಿದರೆ 8 ಜಿಬಿ ತಗೊಳ್ಳಲೇಬೇಡಿ ಅಂತಾರೆ. ತಂಗಿ ಬ್ಲೆಂಡರ್ (3ಡಿ ಚಿತ್ರ ಮಾಡುವ ಸಾಫ್ಟ್‌ವೇರ್) ಕಲಿಯುತ್ತಿದ್ದಾಳೆ, ಅವಳಿಗೂ ಇದೇ ಪಿಸಿ. ಇಲ್ಲೇ ತಗೊಳ್ಳಲಾ, ಕಂಪ್ಯೂಟರ್ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಬರಲಾ? ಬಲ್ಲವರು ದಯವಿಟ್ಟು ಹೇಳಿ.

ಪಿಜೆ_ಬಡಾವಣೆ

ತಮ್ಮಾ, ನಿನ್ನ ಬೋರ್ಡ್ ಯಾವುದು ಅಂತ ಬರೆದದ್ದು ತುಂಬಾ ಒಳ್ಳೆಯದಾಯಿತು. ಉತ್ತರ ಬದಲಾಗುವುದೇ ಅಲ್ಲಿ.

ಬಿ450 ಬೋರ್ಡಿನಲ್ಲಿ ಕಾರ್ಡು ಕೂರಿಸಲು ಇರುವುದು ಪಿಸಿಐಇ 3.0 ಸ್ಲಾಟ್. 4060, 5060, ಬಿ580 ಮೂರೂ ನೋಡಲು ಉದ್ದನೆಯ ಸ್ಲಾಟಿಗೆ ಕೂರುತ್ತವೆ, ಆದರೆ ಒಳಗೆ ಬಳಸುವುದು 8 ಲೇನ್ (ಡೇಟಾ ಓಡಾಡುವ ದಾರಿ) ಮಾತ್ರ. ಹೊಸ ಬೋರ್ಡಿನಲ್ಲಿ ಅದು ಗೊತ್ತಾಗುವುದಿಲ್ಲ. ನಿನ್ನ ಬೋರ್ಡಿನಲ್ಲಿ 3.0 ವೇಗದ 8 ಲೇನ್ ಅಂದರೆ ಸೆಕೆಂಡಿಗೆ ಸುಮಾರು 8 ಜಿಬಿ ದಾರಿ ಅಷ್ಟೇ. 9060 ಎಕ್ಸ್‌ಟಿ 16 ಲೇನ್ ಬಳಸುತ್ತದೆ, ಅದೇ ಸ್ಲಾಟಿನಲ್ಲಿ ಅದಕ್ಕೆ ಎರಡರಷ್ಟು ಸಿಗುತ್ತದೆ.

ಇದು ಯಾವಾಗ ಕಾಡುತ್ತದೆ ಅಂದರೆ, ಕಾರ್ಡಿನ ಮೆಮೊರಿ ತುಂಬಿದಾಗ. ಆಟಕ್ಕೆ 9 ಜಿಬಿ ಬೇಕು, ಕಾರ್ಡಿನಲ್ಲಿ 8 ಇದೆ ಅಂತಿಟ್ಟುಕೋ. ಉಳಿದದ್ದು ಸಿಸ್ಟಂ ರ‍್ಯಾಮಿಗೆ ಹೋಗಿ ಕೂರುತ್ತದೆ, ಬೇಕಾದಾಗಲೆಲ್ಲ ಆ ಸ್ಲಾಟಿನ ದಾರಿಯಲ್ಲೇ ಓಡಾಡಬೇಕು. ಆಗ ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಚೆನ್ನಾಗಿಯೇ ಕಾಣುತ್ತದೆ, ಆದರೆ ನಡುನಡುವೆ ಚಿತ್ರ ಗಕ್ಕನೆ ನಿಂತು ಮುಂದೆ ಹೋಗುತ್ತದೆ. ಅದಕ್ಕೇ ಬೆಂಚ್‌ಮಾರ್ಕ್ ನೋಡುವಾಗ ಸರಾಸರಿಯ ಪಕ್ಕದಲ್ಲಿರುವ 1% ಲೋ, ಅಂದರೆ ಅತಿ ನಿಧಾನದ 1% ಫ್ರೇಮುಗಳ ವೇಗ ನೋಡು. ಆಡುವವನ ಕಣ್ಣಿಗೆ ಹೊಡೆಯುವುದು ಅದು. ಜೊತೆಗೆ, ಟೆಸ್ಟ್ ಮಾಡುವವರು ಹೆಚ್ಚಾಗಿ ಹೊಸ ಬೋರ್ಡಿನಲ್ಲಿ, ಅತಿ ವೇಗದ ಪ್ರೊಸೆಸರ್ ಹಾಕಿ ತೋರಿಸುತ್ತಾರೆ, ನಿನ್ನ ಪಿಸಿಯಲ್ಲಿ ಅದೇ ಅಂಕಿ ಬರುವುದಿಲ್ಲ.

ಬಿ580 ಬಿಟ್ಟುಬಿಡು. 12 ಜಿಬಿ ಇದೆ, 249 ಡಾಲರಿಗೆ ಬಂದ ಕಾರ್ಡು, ಒಳ್ಳೆಯದೇ. ಆದರೆ ಅದರ ಡ್ರೈವರ್ ಪ್ರೊಸೆಸರಿನಿಂದ ಜಾಸ್ತಿ ಕೆಲಸ ತೆಗೆಯುತ್ತದೆ, 3600ರಂಥ ಹಳೇ ಪ್ರೊಸೆಸರ್ ಜೊತೆ ಕೆಲವು ಆಟಗಳಲ್ಲಿ ಕುಸಿಯುತ್ತದೆ. ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡಿನ ಪೂರ್ತಿ ಮೆಮೊರಿಯನ್ನು ಒಟ್ಟಿಗೆ ಬಳಸುವ ಸೆಟ್ಟಿಂಗ್) ಆನ್ ಇಲ್ಲದಿದ್ದರಂತೂ ಕಥೆ ಮುಗಿಯಿತು.

ನನ್ನ ಮಾತು ಇಷ್ಟೇ: 9060 ಎಕ್ಸ್‌ಟಿ, ಅದರಲ್ಲೂ 16 ಜಿಬಿಯದು. ಅದೇ ಹೆಸರಿನಲ್ಲಿ 8 ಜಿಬಿಯದೂ ಇದೆ, ಡಬ್ಬದ ಮೇಲೆ ನೋಡಿ ತಗೋ. ಬಿಡುಗಡೆಯಲ್ಲಿ 8 ಜಿಬಿಗೆ 299, 16 ಜಿಬಿಗೆ 349 ಡಾಲರ್ ಇತ್ತು. ನಮ್ಮಲ್ಲಿ 18% ಜಿಎಸ್‌ಟಿ, ವ್ಯಾಪಾರಿಯ ಲಾಭ ಎಲ್ಲ ಸೇರಿ ನಿನ್ನ 35 ದಾಟುತ್ತದೆ. ದಾಟಲಿ. ಇನ್ನೆರಡು ತಿಂಗಳು ಕೂಡಿಟ್ಟು ತಗೋ, ನಾಲ್ಕೈದು ವರ್ಷ ನೆಮ್ಮದಿ.

ಹೊಳೆದಂಡೆ_ಹರಿಹರ

ಪಿಜೆ ಅಣ್ಣ ಹೇಳಿದ್ದು ಸರಿ ಇದೆ, ಆದರೆ ಇವರ ಬಳಕೆಗೆ ಅಷ್ಟು ದೂರ ಹೋಗಬೇಕಾಗಿಲ್ಲ ಅನ್ನಿಸುತ್ತದೆ.

1080ಪಿ ಮಾನಿಟರ್, 3600 ಪ್ರೊಸೆಸರ್. ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರದ ಗುಣಮಟ್ಟ) ಒಂದು ಹಂತ ಕೆಳಗಿಟ್ಟರೆ ಬಹುತೇಕ ಆಟ 8 ಜಿಬಿಯಲ್ಲಿ ಆರಾಮಾಗಿ ಕೂರುತ್ತವೆ, ಅಲ್ಟ್ರಾಗೂ ಹೈಗೂ ಇರುವ ವ್ಯತ್ಯಾಸ 24 ಇಂಚಿನಲ್ಲಿ ಹುಡುಕಬೇಕು. 4060ಕ್ಕೆ ಬೇಕಾದದ್ದು 115 ವ್ಯಾಟ್ ಅಷ್ಟೇ. ಕಮ್ಮಿ ರೆಸಲ್ಯೂಷನ್ ಚಿತ್ರವನ್ನು ಎಐ ಮೂಲಕ ಹಿಗ್ಗಿಸಿ ವೇಗ ಕೊಡುವ ಡಿಎಲ್‌ಎಸ್‌ಎಸ್ ಇದೆ. ತಂಗಿಯ ಬ್ಲೆಂಡರ್ ವಿಷಯ ಯಾರೂ ಮಾತಾಡಲೇ ಇಲ್ಲ! ಬ್ಲೆಂಡರಿನ ಸೈಕಲ್ಸ್‌ನಲ್ಲಿ ರೆಂಡರ್ ಮಾಡುವಾಗ (ಮಾಡೆಲಿನಿಂದ ಅಂತಿಮ ಚಿತ್ರ ತೆಗೆಯುವಾಗ) ಎನ್ವಿಡಿಯಾದ ಆಪ್ಟಿಕ್ಸ್ ತಂತ್ರಾಂಶ ಮುಂದಿದೆ. ಎಎಂಡಿಯಲ್ಲೂ ಅದರದೇ ಹಿಪ್ ಮೂಲಕ ಆಗುತ್ತದೆ, ಆದರೆ ಕಲಿಯುವವರಿಗೆ ಸುಮ್ನೆ ತಲೆನೋವು ಬೇಡ ಅಂದರೆ ಎನ್ವಿಡಿಯಾ ಒಳ್ಳೆಯದು. 4060, 5060 ಎರಡರಲ್ಲಿ ಬೆಲೆ ಹತ್ತಿರ ಇದ್ದರೆ 5060 ತಗೊಳ್ಳಿ, ಅದರಲ್ಲಿ ಜಿಡಿಡಿಆರ್7 ಮೆಮೊರಿ, ವೇಗವೂ ಜಾಸ್ತಿ, ಕರೆಂಟ್ 145 ವ್ಯಾಟ್.

ಪಿಜೆ_ಬಡಾವಣೆ

ಬ್ಲೆಂಡರ್ ಮಾತು ಒಪ್ಪುತ್ತೇನೆ. ಆದರೆ ದೊಡ್ಡ ಸೀನ್ ರೆಂಡರ್ ಮಾಡುವಾಗಲೂ ಮೊದಲು ಕೈಕೊಡುವುದು ಮೆಮೊರಿಯೇ ಅಲ್ವಾ? ಫ್ರೇಮ್ ಜನರೇಷನ್ (ನಡುವೆ ಹೊಸ ಫ್ರೇಮ್ ಸೃಷ್ಟಿಸಿ ಸೇರಿಸುವ ಸೌಲಭ್ಯ) ಆನ್ ಮಾಡಿದರೆ ಅದಕ್ಕೂ ಮೆಮೊರಿ ಬೇಕು. 8 ಜಿಬಿ ಕಾರ್ಡಿಗೆ ಆ ಸೌಲಭ್ಯ ಕೊಟ್ಟು, ಬಳಸಲು ಜಾಗ ಕೊಟ್ಟಿಲ್ಲ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ದುಡ್ಡು ಜೋಡಿಸಿ ತಗೊಳ್ಳುವ ಹುಡುಗರಿಗೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಕೋಟೆಕೆಳಗಿನವ

ಚಿತ್ರದುರ್ಗದಿಂದ. ಕಾರ್ಡಿನ ಬಗ್ಗೆ ಇಬ್ಬರೂ ಚೆನ್ನಾಗಿ ಹೇಳಿದ್ದಾರೆ, ನಾನು ಕರೆಂಟಿನ ಬಗ್ಗೆ ಬರೆಯುತ್ತೇನೆ, ಯಾಕೆಂದರೆ ನಮ್ಮ ಕಡೆ ಕಾರ್ಡು ಸಾಯುವುದು ಆಟದಿಂದಲ್ಲ.

ಹೆಸರು ಗೊತ್ತಿಲ್ಲದ 450 ವ್ಯಾಟಿನ ಪವರ್ ಸಪ್ಲೈಗೆ ಹೊಸ ಕಾರ್ಡು ಜೋಡಿಸಬೇಡಿ, ಯಾವ ಕಾರ್ಡೇ ಆಗಲಿ. ನಿಮ್ಮ 1650ಕ್ಕೆ 75 ವ್ಯಾಟ್ ಸಾಕಿತ್ತು, ಅದಕ್ಕೇ ಇಷ್ಟು ದಿನ ನಡೆದಿದೆ. ಎನ್ವಿಡಿಯಾ 4060ಕ್ಕೇ 550 ವ್ಯಾಟಿನ ಪವರ್ ಸಪ್ಲೈ ಇರಲಿ ಅನ್ನುತ್ತದೆ. 80 ಪ್ಲಸ್ ಮುದ್ರೆ ನೋಡಿ ಮೋಸ ಹೋಗಬೇಡಿ. ಅದು ಎಷ್ಟು ಕರೆಂಟ್ ಪೋಲಾಗುತ್ತದೆ ಅನ್ನುವುದನ್ನು ಮಾತ್ರ ಹೇಳುತ್ತದೆ, ವೋಲ್ಟೇಜ್ ಏರಿದಾಗ, ಶಾರ್ಟ್ ಆದಾಗ ಕಾರ್ಡನ್ನು ಉಳಿಸುತ್ತದೋ ಇಲ್ಲವೋ ಅಂತ ಹೇಳುವುದಿಲ್ಲ. ಒಳ್ಳೆಯ ಕಂಪನಿಯ 550 ಅಥವಾ 650 ವ್ಯಾಟಿನದು, ಐದು ವರ್ಷ ವಾರಂಟಿ ಇರುವುದು ತಗೊಳ್ಳಿ. ಬಜೆಟ್ಟಿನಲ್ಲಿ ಮೊದಲ ದುಡ್ಡು ಅದಕ್ಕೇ ತೆಗೆದಿಡಿ.

ಇನ್ನು ಯುಪಿಎಸ್. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್. 3600 ಪೂರ್ತಿ ದುಡಿದರೆ 88 ವ್ಯಾಟ್ ಹತ್ತಿರ, 9060 ಎಕ್ಸ್‌ಟಿ 16 ಜಿಬಿಗೆ 160, ಬೋರ್ಡ್, ಫ್ಯಾನ್, ಮಾನಿಟರ್, ಪವರ್ ಸಪ್ಲೈಯಲ್ಲಿ ಪೋಲಾಗುವುದು ಎಲ್ಲ ಸೇರಿಸಿದರೆ ಅಂಚಿಗೆ ಬಂದು ನಿಲ್ಲುತ್ತದೆ. ಕರೆಂಟ್ ಹೋದ ಕ್ಷಣಕ್ಕೆ ಸರಿಯಾಗಿ ಕಾರ್ಡು ಜಾಸ್ತಿ ಎಳೆದರೆ ಯುಪಿಎಸ್ ಓವರ್‌ಲೋಡ್ ಆಗಿ ಪಿಸಿಯೇ ಆಫ್. 1000 ವಿಎ ಮೇಲಿನದು ಬೇಕು. ಕೆಲವು ಪವರ್ ಸಪ್ಲೈಗಳಿಗೆ ಅಗ್ಗದ ಯುಪಿಎಸ್‌ಗಳ ಚೌಕದ ಅಲೆ ಹಿಡಿಸುವುದಿಲ್ಲ, ಮನೆಯ ಕರೆಂಟಿನಂತೆ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಇದ್ದರೆ ಚಿಂತೆಯೇ ಇಲ್ಲ. ಮನೆಯಲ್ಲಿ ಇನ್ವರ್ಟರ್ ಇದ್ದು ಅದಕ್ಕೇ ಪಿಸಿ ಜೋಡಿಸುವುದಾದರೆ, ಹಿಂದುಗಡೆ ಯುಪಿಎಸ್ ಮೋಡ್ ಸ್ವಿಚ್ ಇದೆಯಾ ನೋಡಿ, ಅದು ಆನ್ ಇರಬೇಕು, ಇಲ್ಲದಿದ್ದರೆ ಬದಲಾಗುವಷ್ಟರಲ್ಲಿ ಪಿಸಿ ರೀಸ್ಟಾರ್ಟ್ ಆಗುತ್ತದೆ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಾ? ಅಂದರೆ ಅರ್ಥಿಂಗ್ ಇಲ್ಲ. ಕಾರ್ಡು ತರುವ ಮೊದಲು ಎಲೆಕ್ಟ್ರೀಷಿಯನ್ ಕರೆಸಿ.

ಶೆಕೆ ಬಗ್ಗೆ: ಏಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿ ಹತ್ತಿರ ಇರುವಾಗ ಚಿಪ್ 75–80 ತೋರಿಸಿದರೆ ಹೆದರಬೇಡಿ. ಪವರ್ ಲಿಮಿಟ್ 10% ಇಳಿಸಿ, ಎಫ್‌ಪಿಎಸ್‌ಗೆ ಮಿತಿ ಹಾಕಿ. ಆಟದಲ್ಲಿ ಗೊತ್ತೇ ಆಗುವುದಿಲ್ಲ, ರೂಮು ಮಾತ್ರ ತಣ್ಣಗಿರುತ್ತದೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಕಡೆ ಮನೆ ಇರುವವರಿಗೆ ಗೊತ್ತು, ಅಲ್ಲಿಯ ಧೂಳು ಬರೀ ಧೂಳಲ್ಲ, ಹೊಗೆಯ ಮಸಿ ಸೇರಿ ಫಿನ್‌ಗಳಿಗೆ (ಕಾರ್ಡಿನ ಶಾಖ ಹೊರಹಾಕುವ ತೆಳು ಪಟ್ಟಿಗಳಿಗೆ) ಅಂಟುತ್ತದೆ. ಬ್ಲೋವರ್ ಹಿಡಿಯುವಾಗ ಕಾರ್ಡಿನ ಫ್ಯಾನ್ ತಿರುಗದಂತೆ ಬೆರಳಿಂದ ಹಿಡಿದುಕೊಳ್ಳಿ.

ಸೆಕೆಂಡ್‌ಹ್ಯಾಂಡ್_ಗಿರಾಕಿ

ದುಡ್ಡು ಸಾಲದಿದ್ದರೆ ಹಳೇ 3060 12 ಜಿಬಿ ನೋಡಬಹುದು. 16 ಲೇನ್, ಬ್ಲೆಂಡರಿಗೂ ಆಗುತ್ತದೆ, 170 ವ್ಯಾಟ್. ಬಿಲ್ ಇಲ್ಲದೆ ಮಾತ್ರ ಬೇಡ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಕ್ರಿಪ್ಟೊ ಹಣದ ಮೈನಿಂಗ್ ನಿಂತ ಮೇಲೆ ಹಗಲೂ ರಾತ್ರಿ ಓಡಿದ ಕಾರ್ಡುಗಳು ಮಾರಾಟಕ್ಕೆ ಬಂದವು, ಅವು ಈಗಲೂ ಕೈಯಿಂದ ಕೈಗೆ ತಿರುಗುತ್ತಿವೆ. ಎದುರಿಗೇ ಅರ್ಧ ಗಂಟೆ ಓಡಿಸಿ, ಫ್ಯಾನ್ ಸದ್ದು ಕೇಳಿ, ಪರದೆಯಲ್ಲಿ ಚುಕ್ಕೆ ಗಿಕ್ಕೆ ಬರುತ್ತದಾ ನೋಡಿ ಆಮೇಲೆ ದುಡ್ಡು ಕೊಡಿ.

ವಿದ್ಯಾನಗರ_144

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೋರ್ಡಿನ ವಿಷಯ ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ತಂಗಿಯನ್ನು ಕೇಳಿದೆ, ಅವಳು ಸದ್ಯ ಚಿಕ್ಕ ಮಾಡೆಲ್‌ಗಳನ್ನೇ ಮಾಡುತ್ತಾಳಂತೆ, ರೆಂಡರ್ ಸ್ವಲ್ಪ ತಡವಾದರೂ ಪರವಾಗಿಲ್ಲ ಅಂದಳು. ಹಾಗಾಗಿ ಈ ತಿಂಗಳು ಪವರ್ ಸಪ್ಲೈ ಮತ್ತು ಯುಪಿಎಸ್, ದೀಪಾವಳಿ ಹೊತ್ತಿಗೆ 9060 ಎಕ್ಸ್‌ಟಿ 16 ಜಿಬಿ ಅಂತ ಯೋಚಿಸಿದ್ದೇನೆ. 3600 ಬದಲಾಯಿಸಬೇಕಾ? ಎಸ್‌ಪಿ ರೋಡ್ ಪ್ರಶ್ನೆ ಹಾಗೇ ಉಳಿಯಿತು.

ಪಿಜೆ_ಬಡಾವಣೆ

ಈಗಲೇ ಬೇಡ. ಕಾರ್ಡು ಹಾಕಿ ಆಡಿ ನೋಡು. ಕಾರ್ಡಿನ ಬಳಕೆ 60–70% ನಲ್ಲೇ ನಿಂತು ಎಫ್‌ಪಿಎಸ್ ಏರದಿದ್ದರೆ ಪ್ರೊಸೆಸರ್ ತಡೆಯುತ್ತಿದೆ ಅಂತ ಅರ್ಥ. ಆಗ ಇದೇ ಬೋರ್ಡಿಗೆ ಬಯೋಸ್ (ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ ರೈಜೆನ್ 5 5600 ಹಾಕಿದರೆ ಆಯಿತು, ರ‍್ಯಾಮ್ ಬದಲಾಯಿಸಬೇಕಾಗಿಲ್ಲ. ಬಯೋಸ್ ಮಾಡುವಾಗ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು, ಹಾಗಾಗಿ ಹೊಸ ಯುಪಿಎಸ್ ಬಂದ ಮೇಲೆಯೇ ಮಾಡು.

ಎಸ್‌ಪಿ ರೋಡಿನಲ್ಲಿ ಒಂದೆರಡು ಸಾವಿರ ಕಮ್ಮಿ ಸಿಗಬಹುದು. 260 ಕಿಲೋಮೀಟರ್ ಹೋಗಿಬರುವ ಖರ್ಚು ಸೇರಿಸಿ ಲೆಕ್ಕ ಹಾಕು. ನಾನಾಗಿದ್ದರೆ ಅಲ್ಲಿಯ ದರ ಫೋನಿನಲ್ಲಿ ಕೇಳಿ, ಇಲ್ಲಿಯ ಅಂಗಡಿಯವರಿಗೆ ಹೇಳಿ ತರಿಸಿಕೊಳ್ಳುತ್ತಿದ್ದೆ. ಎಲ್ಲೇ ತಗೊಂಡರೂ ಬಿಲ್ಲಿನಲ್ಲಿ ಕಾರ್ಡಿನ ಸೀರಿಯಲ್ ನಂಬರ್ ಬರೆಸಿಕೋ, ಡಬ್ಬ ಎಸೆಯಬೇಡ, ಆ ಕಂಪನಿಯ ಸರ್ವಿಸ್ ಸೆಂಟರ್ ಹತ್ತಿರದಲ್ಲಿ ಎಲ್ಲಿದೆ ಅಂತ ಮೊದಲೇ ಕೇಳು.

ಕೋಟೆಕೆಳಗಿನವ

ಎನ್ವಿಡಿಯಾದಿಂದ ಎಎಂಡಿಗೆ ಹೋಗುತ್ತಿದ್ದೀರಿ, ಹಾಗಾಗಿ ಹಳೇ ಡ್ರೈವರನ್ನು ಸೇಫ್ ಮೋಡಿನಲ್ಲಿ ಡಿಡಿಯು (ಡ್ರೈವರ್ ತೆಗೆಯುವ ಸಾಫ್ಟ್‌ವೇರ್) ಹಾಕಿ ಪೂರ್ತಿ ತೆಗೆದು, ಆಮೇಲೆ ಕಾರ್ಡು ಬದಲಾಯಿಸಿ. ಕ್ಯಾಬಿನೆಟ್ ಒಳಗೆ ಉದ್ದ ಎಷ್ಟಿದೆ ಅಂತ ಅಳತೆ ಮಾಡಿ, ಮೂರು ಫ್ಯಾನಿನ ಮಾಡೆಲ್ ಕೆಲವು 30 ಸೆಂಟಿಮೀಟರ್ ಮುಟ್ಟುತ್ತವೆ. ಮಾನಿಟರ್ ಕೇಬಲ್ ಕಾರ್ಡಿಗೇ ಹಾಕಿ, ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 144 ಹರ್ಟ್ಜ್ ಮತ್ತೆ ಆರಿಸಿಕೊಳ್ಳಿ, ಕಾರ್ಡು ಬದಲಾದಾಗ ಅದು ಎಷ್ಟೋ ಸಲ 60ಕ್ಕೆ ಹೋಗಿ ಕೂತಿರುತ್ತದೆ.