ಬಸುರಿ ಲಕ್ಷ್ಮಮ್ಮನ ಸಮಾಧಿಗೆ ಹೋಗಬಹುದಾ?

ಮಲ್ಲೇಶ್ವರದ ಸೊಸೆ:
ನನಗೀಗ ಏಳು ತಿಂಗಳು. ಅತ್ತೆ ಮಾಗಡಿ ಕಡೆಯವರು. ಶುಕ್ರವಾರ ಕೋರಮಂಗಲಕ್ಕೆ ಹೋಗಿ ಕೆಂಪೇಗೌಡರ ಸೊಸೆ ಲಕ್ಷ್ಮಮ್ಮನ ಸಮಾಧಿಗೆ ಬಳೆ, ಅರಿಶಿನ-ಕುಂಕುಮ ಇಟ್ಟು ಬರೋಣ ಅಂತಿದ್ದಾರೆ. ಬಳೇಪೇಟೆಯಿಂದ ಒಂದು ಡಜನ್ ಹಸಿರು ಗಾಜಿನ ಬಳೆ ತಂದೂ ಆಯ್ತು. ಅಮ್ಮ ಫೋನಲ್ಲೇ ಅಳು: “ಬಸುರಿ ಕತ್ತು ಕುಯ್ದುಕೊಂಡ ಜಾಗಕ್ಕೆ ಬಸುರೀನ ಕರ್ಕೊಂಡು ಹೋಗ್ತಾರಾ?” ನಾನು ಇಬ್ಬರ ನಡುವೆ. ಏನ್ ಮಾಡ್ಲಿ?

ಆರನೇ ಬ್ಲಾಕ್ ಅಜ್ಜಿ:
ತಾಯಿ, ಕುಯ್ದುಕೊಂಡದ್ದು ಕೋರಮಂಗಲದಲ್ಲಲ್ಲ, ಕೋಟೆ ಬಾಗಿಲಲ್ಲಿ. ಹಗಲು ಕಟ್ಟಿದ ಬಾಗಿಲು ರಾತ್ರಿ ಬೀಳ್ತಿತ್ತಂತೆ. ಬಸುರಿ ಬಲಿ ಬೇಕು ಅಂದರಂತೆ. ಗೌಡರು ಒಪ್ಪಲಿಲ್ಲ. ಅವಳೇ ನಡುರಾತ್ರಿ ಎದ್ದು ಹೋದಳು. ಇಲ್ಲಿರೋದು ಸಮಾಧಿ, ನಮಗೆ ಮನೆಮಗಳ ಥರ. ಹೋಗಿ ಬನ್ನಿ.

ಪೇಟೆ ಸುತ್ತುವವ:
ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ. ಕಲ್ಲಿನದು ಆಮೇಲೆ ಹೈದರಾಲಿ ಕಾಲದ್ದು. ಮಾರ್ಕೆಟ್ ಹತ್ತಿರ ಉಳಿದಿರೋ ದೆಹಲಿ ಬಾಗಿಲು ಅದರದ್ದು. ಅಂದರೆ ಲಕ್ಷ್ಮಮ್ಮ ಜೀವ ಕೊಟ್ಟು ನಿಲ್ಲಿಸಿದಳು ಅನ್ನೋ ಬಾಗಿಲೇ ಈಗಿಲ್ಲ, ಅವಳು ಮಾತ್ರ ಇದ್ದಾಳೆ. ಕಲ್ಲಿಗೂ ಗ್ಯಾರಂಟಿ ಇಲ್ಲ ಬಿಡಿ. ಕಾರ್ಪೊರೇಷನ್ ಎದುರು 1791ರ ಯುದ್ಧದಲ್ಲಿ ಸತ್ತ ಬ್ರಿಟಿಷರ ಸ್ಮಾರಕಸ್ತಂಭ ಇತ್ತು, 1964ರಲ್ಲಿ ಕಿತ್ತರು. ಈಗ ಅಲ್ಲಿ ಕೆಂಪೇಗೌಡರು ನಿಂತಿದ್ದಾರೆ. ಬಸ್ಸಲ್ಲಿ ಹೋಗುವಾಗ ನಮ್ಮಪ್ಪ ಅವರಿಗೆ ಕೈ ಮುಗಿದರೆ ಅಜ್ಜಿ ಗದರೋರು: “ಮೊದಲು ಸೊಸೆಗೆ ಮುಗಿಯೋ!”

ಧಾರವಾಡದಾಕಿ:
ಕೆರಿಗೆ ನೀರು ಬರ್ಲಿ ಅಂತ ಕಿರಿ ಸೊಸಿನ್ನ ಹಾರ ಕೊಟ್ಟ ಹಾಡು ನಮ್ಮವ್ವ ಬೀಸೋ ಕಲ್ಲಿನ ಮುಂದ ಕುಂತು ಹಾಡತಿದ್ಲು. ಕೋಟಿ ಇರಲಿ, ಕೆರಿ ಇರಲಿ, ಸೊಸಿನ ಬೇಕು ನೋಡ್ರಿ. ಮಗಳನ್ನ ಕೊಟ್ಟ ಗೌಡನ ಕತಿ ನಾ ಒಂದೂ ಕೇಳಿಲ್ಲ. ನಿಮ್ಮ ಲಕ್ಷ್ಮಮ್ಮ ತಾನಾಗೇ ಹೋದ್ಲು ಅಂತಾರ. ಖರೇನ ತಾನಾಗೇ ಹೋದ್ಲೋ, ಆಕಿನ್ನ ಕೇಳಿದವರು ಯಾರು?

ಮಲ್ಲೇಶ್ವರದ ಸೊಸೆ:
ಹೋಗಿ ಬಂದೆ. ಅಜ್ಜಿ ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದ್ದೆ, ಗೊಣಗುತ್ತಲೇ ಜೊತೆಗೆ ಬಂದರು, ಆದರೆ ಗೇಟಿನ ಹತ್ತಿರವೇ ನಿಂತುಬಿಟ್ಟರು. ಅತ್ತೆ ಒಬ್ಬರೇ ಬಳೆ ಜೋಡಿಸುತ್ತಿದ್ದರು, ಒಂದು ಟಣ್ ಅಂತ ಒಡೆಯಿತು. ನನಗೆ ಎದೆ ಧಸಕ್ ಅಂತು. ಧಾರವಾಡದ ಅಕ್ಕ ಕೇಳಿದ್ದು ತಲೆಯಲ್ಲೇ ಕೂತಿತ್ತು, “ಅತ್ತೆ, ಅವಳಿಗೆ ಸೀಮಂತ ಮಾಡಿದ್ದರಾ?” ಅಂದೆ. ಅತ್ತೆ ಮಾತಾಡಲಿಲ್ಲ. ಅಷ್ಟರಲ್ಲಿ ಅಮ್ಮ ಹಿಂದಿನಿಂದ ಬಂದು ಚೂರುಗಳನ್ನು ಸೆರಗಿಗೆ ಆಯ್ದುಕೊಂಡರು, ಚೀಲಕ್ಕೆ ಕೈ ಹಾಕಿ ಮಡಿಲಕ್ಕಿ ಗಂಟು ತೆಗೆದು ಬಳೆ ಪಕ್ಕ ಇಟ್ಟರು. ಅದನ್ನು ಯಾವಾಗ ಕಟ್ಟಿಕೊಂಡಿದ್ದರೋ!